ಮೆಕಾನೊ ಪೆಟ್ಟಿಗೆಯ ದೈತ್ಯ

ಕಡಲಿನೊಳಕ್ಕೆ ಅಲೆತಡೆಯ ಗೋಡೆ ಕಟ್ಟುವುದು ಹೇಗೆ? ನಿಲ್ಲಲು ನೆಲವಿಲ್ಲ, ದೋಣಿಯಿಂದ ಕಲ್ಲಿಳಿಸೋಣವೆಂದರೆ ಅಲೆ ಬಿಡದು. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯವೇ ‘ಟೈಟನ್’ ಎಂಬ ಕ್ರೇನು. ಕಟ್ಟಿ ಮುಗಿದಷ್ಟು ಗೋಡೆಯ ಮೇಲೆ ಹಳಿ ಹಾಸಿ ಅದನ್ನು ನಿಲ್ಲಿಸುವರು. ಉದ್ದನೆಯ ತೋಳು ನೀರಿನ ಮೇಲೆ ಚಾಚಿರುವುದು. ಹಿಂದಿನ ಗಿಡ್ಡ ತೋಳಿನಲ್ಲಿ ಸರಿತೂಕದ ಭಾರ. ಹತ್ತಾರು ಟನ್ನಿನ ಕಾಂಕ್ರೀಟು ಬ್ಲಾಕನ್ನು ಎತ್ತಿ ಗೋಡೆಯ ತುದಿಯಾಚೆ ಇಳಿಸುವುದು; ಹಳಿ ಬೆಳೆದಂತೆ ತಾನೂ ಮುಂದೆ ಸರಿಯುವುದು. ತಾನು ನಡೆಯುವ ದಾರಿಯನ್ನು ತಾನೇ ಕಟ್ಟಿಕೊಂಡು ಹೋಗುವ ಯಂತ್ರ! ಮದರಾಸಿನ ಬಂದರಿನಲ್ಲಿಯೂ ಟೈಟನ್ನುಗಳು ದುಡಿದವು. 1876ರಲ್ಲಿ ಆರಂಭವಾದ ಅಲ್ಲಿನ ಕೆಲಸವನ್ನು 1881ರ ನವೆಂಬರಿನ ಚಂಡಮಾರುತ ಒಡೆದುಹಾಕಿತು, ಮತ್ತೆ ಕಟ್ಟಬೇಕಾಯಿತು.

ಈ ಕ್ರೇನುಗಳಲ್ಲಿ ಬಹುಪಾಲು ಗುಜರಿ ಸೇರಿ ಬಹುಕಾಲವಾಯಿತು. ಪೋರ್ತುಗಲ್ಲಿನ ಲೇಯ್ಷೋಯೆಸ್ ಬಂದರಿನಂಥ ಕೆಲವೇ ಕಡೆ ಸ್ಮಾರಕವಾಗಿ ಉಳಿದಿವೆ. ಆದರೆ ಅದು ದುಡಿಯುವ ಬಗೆಯನ್ನು ಇಂದಿಗೂ ಕಣ್ಣಾರೆ ಕಾಣುವ ದಾರಿಯೊಂದುಂಟು. ಅದು ಮಕ್ಕಳ ಆಟಿಕೆ.

ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ (1863–1936) ಎಂಜಿನಿಯರಿಂಗು ಓದಿದವನಲ್ಲ. ಮಾಂಸದ ಆಮದು ವ್ಯಾಪಾರಿಯೊಬ್ಬನ ಬಳಿ ಗುಮಾಸ್ತ. ತನ್ನ ಮಕ್ಕಳಿಗಾಗಿ ಲೋಹದ ತಗಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅರ್ಧ ಅಂಗುಲಕ್ಕೊಂದರಂತೆ ರಂಧ್ರ ಕೊರೆದು, ಬೋಲ್ಟು ನಟ್ಟುಗಳಿಂದ ಜೋಡಿಸಿದ. ಒಂದು ಆಟಿಕೆ ಮುಗಿದರೆ ಬಿಚ್ಚಿ, ಅದೇ ಪಟ್ಟಿಗಳಿಂದ ಇನ್ನೊಂದು. 1901ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. ಅದರ ಶುಲ್ಕಕ್ಕೆ 5 ಪೌಂಡು ಸಾಲ ಕೊಟ್ಟವನು ಆ ಮಾಂಸದ ವ್ಯಾಪಾರಿಯೇ. 1907ರಲ್ಲಿ ‘ಮೆಕಾನೊ’ ಎಂಬ ಹೆಸರು ಬಂತು. ಕನ್ನಡ ಪಾಠ ಹೇಳುವ ನನಗೆ ಇದು ವರ್ಣಮಾಲೆಯಂತೆಯೇ ತೋರುತ್ತದೆ: ಅಕ್ಷರ ಅವೇ, ಕೂಡಿಸಿದಂತೆ ಪದ ಬೇರೆ. ಇದು ಹುಡುಗರ ಎಂಜಿನಿಯರಿಂಗ್ ಎಂದು ಜಾಹೀರಾತು ಸಾರುತ್ತಿತ್ತು. ಹುಡುಗಿಯರ ಕೈಗೆ ಸ್ಪ್ಯಾನರು ಒಗ್ಗದೆಂದು ಯಾರು ತೀರ್ಮಾನಿಸಿದರೋ!

1920ರ ದಶಕದ ಕೊನೆಗೆ ಕಂಪನಿ ‘ಸೂಪರ್ ಮಾಡೆಲ್’ಗಳ ಕೈಪಿಡಿಗಳನ್ನು ಹೊರಡಿಸಿತು. ಅವುಗಳಲ್ಲೊಂದು ಈ ಬ್ಲಾಕು ಇಡುವ ದೈತ್ಯ ಕ್ರೇನು. ತೋಳು ಉರುಳೆಗಳ ಚಕ್ರದ ಮೇಲೆ ಸುತ್ತಬೇಕು, ತೋಳಿನುದ್ದಕ್ಕೂ ಗಾಲಿಬಂಡಿ ಸರಿಯಬೇಕು, ಕೊಕ್ಕೆ ಏರಿಳಿಯಬೇಕು, ಇಡೀ ಯಂತ್ರ ಹಳಿಯ ಮೇಲೆ ನಡೆಯಬೇಕು. ಕೈಪಿಡಿಯ ಚಿತ್ರ ನೋಡಿ ಜೋಡಿಸಿದರೆ ಸಾಲದು. ಸರಿತೂಕ ತುಸು ತಪ್ಪಿದರೆ ತೋಳು ವಾಲುತ್ತದೆ, ಹಲ್ಲುಚಕ್ರ ಬಿಗಿಯಾದರೆ ಮೋಟಾರು ನರಳುತ್ತದೆ. ಮೂಲ ಯಂತ್ರವನ್ನು ಕಟ್ಟಿದವರು ಎದುರಿಸಿದ ತೊಡಕುಗಳನ್ನೇ ಆಡುವವನೂ ಬಿಡಿಸಬೇಕು.

ಆಟಿಕೆಗೆ ಇತಿಹಾಸದಲ್ಲೇನು ಸ್ಥಾನವೆಂದು ಕೇಳುವ ಮಿತ್ರರಿದ್ದಾರೆ. ಛಾಯಾಚಿತ್ರ ಯಂತ್ರದ ಮುಖವನ್ನಷ್ಟೇ ಉಳಿಸುತ್ತದೆ. ನಕ್ಷೆ ಬಲ್ಲವರಿಗೆ ಮಾತ್ರ ಮಾತಾಡುತ್ತದೆ. ಚಲನೆಯನ್ನು ಉಳಿಸಿದ್ದು ಮಾದರಿ. ಎಲ್ಲವನ್ನೂ ಉಳಿಸಿತೆನ್ನಲಾರೆ. ಕ್ರೇನು ಇಳಿಸಿದ ಬ್ಲಾಕನ್ನು ನೀರಿನಡಿಯಲ್ಲಿ ಕೈಯಿಂದ ತಡವಿ ಸರಿಗೂಡಿಸುತ್ತಿದ್ದ ಮುಳುಗುಗಾರ ಆ ಪೆಟ್ಟಿಗೆಯಲ್ಲಿಲ್ಲ. ಮೇಜಿನ ಮೇಲೆ ಕಡಲೂ ಇಲ್ಲ.

ಮೆಕಾನೊ ಬರಿಯ ಆಟವಾಗಿಯೇ ಉಳಿಯಲಿಲ್ಲವೆಂಬುದಕ್ಕೆ ಮ್ಯಾಂಚೆಸ್ಟರ್ ಸಾಕ್ಷಿ. ಅಲ್ಲಿನ ವಿಶ್ವವಿದ್ಯಾನಿಲಯದ ಡಗ್ಲಸ್ ಹಾರ್ಟ್ರೀ ಮತ್ತು ಅವರ ಶಿಷ್ಯ ಆರ್ಥರ್ ಪೋರ್ಟರ್ 1934ರಲ್ಲಿ ಸುಮಾರು 20 ಪೌಂಡಿನ ಮೆಕಾನೊ ಭಾಗಗಳಿಂದ ಅವಕಲ ಸಮೀಕರಣಗಳನ್ನು ಬಿಡಿಸುವ ಗಣಕಯಂತ್ರವೊಂದನ್ನು ಕಟ್ಟಿದರು. ಅದರ ಒಂದು ಭಾಗ ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಸೇರಿತು.

ಲಿವರ್‌ಪೂಲಿನ ಬಿನ್ಸ್ ರೋಡಿನ ಕಾರ್ಖಾನೆ 1979ರಲ್ಲಿ ಮುಚ್ಚಿತು. ಕೈಪಿಡಿಗಳು ಮಾತ್ರ ಕೈಯಿಂದ ಕೈಗೆ ಸಾಗುತ್ತಲೇ ಇವೆ. ಇಂಗ್ಲೆಂಡಿನ ಪ್ರದರ್ಶನಗಳಲ್ಲಿ ತಲೆ ನರೆತ ‘ಹುಡುಗರು’ ಆ ಹಳೆಯ ಚಿತ್ರಗಳನ್ನು ಮುಂದಿಟ್ಟುಕೊಂಡು ಇಂದಿಗೂ ಟೈಟನ್ನನ್ನು ಕಟ್ಟುತ್ತಾರೆ.