ಕಸ ವಿಂಗಡಣೆ: ಪೌರಕಾರ್ಮಿಕರ ಅರಿವು, ಮನೆಯವರ ಹೊಣೆ

ತುಮಕೂರು ಜಿಲ್ಲೆಯ ಶಿರಾದಲ್ಲಿ ನಗರಸಭೆ, ಮಧುಗಿರಿ ಹಾಗೂ ಪಾವಗಡದಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯಿತಿ ಕಸ ವಿಲೇವಾರಿಯ ಹೊಣೆ ಹೊತ್ತಿವೆ. ಬಳಸಿದ ವಸ್ತುವನ್ನು ಎಸೆಯದೆ ಮತ್ತೆ ಬಳಕೆಗೆ ತರುವುದೇ ‘ವೃತ್ತಾಕಾರದ ಆರ್ಥಿಕತೆ’ಯ ತಿರುಳು. ಈ ಹೆಸರು ಪೌರಕಾರ್ಮಿಕರಿಗೆ ಹೊಸದೆನಿಸಬಹುದು; ಅದರ ಮೊದಲ ಹಂತವಾದ ವಿಂಗಡಣೆ ಮಾತ್ರ ಅವರ ನಿತ್ಯದ ಕೆಲಸ. ರಟ್ಟು, ಬಾಟಲಿ, ಕಬ್ಬಿಣ ಗುಜರಿಯ ಮೂಲಕ ಕಾರ್ಖಾನೆಗೆ ಮರಳುತ್ತವೆ. ಹಸಿಕಸ ಗೊಬ್ಬರವಾಗಿ ಹೊಲ ಸೇರಬಲ್ಲದು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂಬ ಮೂರು ಬಗೆಯ ವಿಂಗಡಣೆಯನ್ನು ಕಡ್ಡಾಯಗೊಳಿಸಿದವು. ಚಿಂದಿ ಆಯುವವರನ್ನೂ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಲು ಸೂಚಿಸಿದವು. ಕಸ ಬೆರೆತರೆ ಕಾಗದ ನೆನೆದು ಬೆಲೆ ಕಳೆದುಕೊಳ್ಳುತ್ತದೆ, ಗೊಬ್ಬರಕ್ಕೆ ಪ್ಲಾಸ್ಟಿಕ್ ಸೇರುತ್ತದೆ, ಒಡೆದ ಗಾಜು ಕಾರ್ಮಿಕರ ಕೈ ಸೀಳುತ್ತದೆ. ಆದ್ದರಿಂದ ಕಾರ್ಮಿಕರಿಗೆ ತರಬೇತಿ ನೀಡಿದರಷ್ಟೇ ಸಾಲದು. ಮನೆಯಲ್ಲಿ ಬೇರ್ಪಡಿಸಿದ ಕಸ ವಾಹನದಲ್ಲಿ ಮತ್ತೆ ಒಂದಾಗದಂತೆ ನೋಡಿಕೊಳ್ಳುವುದೂ ಅಗತ್ಯ.