ವಿಹಾರಯಾತ್ರೆಯೂ ಮಸ್ಕಿಯ ಬಂಡೆಯೂ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿಯೆಂಬ ಊರುಂಟು. ‘ದೇವಾನಾಂಪ್ರಿಯ’ನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು 1915ರಲ್ಲಿ ಅಲ್ಲಿ ದೊರೆತ ಬಂಡೆಶಾಸನವು ಸ್ಥಿರಪಡಿಸಿತು. ಹಿಂದಿನ ಅರಸರು ವಿಹಾರಯಾತ್ರೆಯೆಂದು ಬೇಟೆಗೆ ಹೊರಡುತ್ತಿದ್ದರು. ತಾನಾದರೋ ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಾದ ಬಳಿಕ ಧರ್ಮಯಾತ್ರೆಯನ್ನು ಕೈಕೊಂಡೆನೆಂದು ಆತನು ಎಂಟನೆಯ ಬಂಡೆಶಾಸನದಲ್ಲಿ ಹೇಳಿಕೊಂಡಿರುವನು.

ಇಂದು ಈ ಸೀಮೆಯವರು ಗಂಗಾವತಿಯ ಮಾರ್ಗವಾಗಿ, 1994ರಲ್ಲಿ ಏರ್ಪಟ್ಟ ದರೋಜಿಯ ಕರಡಿಧಾಮಕ್ಕೆ ಹೋಗುವರು. ಸಂಜೆ ಗುಡ್ಡದಿಂದಿಳಿಯುವ ಕರಡಿಗಳನ್ನು ದೂರದಿಂದಲೇ ನೋಡಿ ಹಿಂದಿರುಗುವರು. ಕೈಯಲ್ಲಿ ಆಯುಧವಿಲ್ಲ, ನೋಟವೊಂದೇ ಲಾಭ.

ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಧರ್ಮನಿಷ್ಠನಾದ ಅಲ್ಪನಿಗೂ ದೊರಕುವುದೆಂದು ಮಸ್ಕಿಯ ಶಾಸನವು ಸಾರುತ್ತದೆ. ಬೇಟೆಯ ಯಾತ್ರೆಯನ್ನು ಮಾರ್ಪಡಿಸಿದ ಅರಸನ ದಾರಿಯಲ್ಲಿ ನಡೆಯುವುದಕ್ಕೆ ನಮಗೆ ಅರಸುತನವು ಬೇಕಿಲ್ಲ.