ಗಂಡೋ ಹೆಣ್ಣೋ: ಕಾವಿನ ಡಬ್ಬಿ ಕಲಿಸಿದ ಪಾಠ

ಗೋಡೆಯ ಮೇಲಿನ ದೇವರ ಪಟದ ಹಿಂದೆ ಬಟಾಣಿಯಷ್ಟು ಬಿಳಿ ಮೊಟ್ಟೆ ಕಾಣದವರು ನಮ್ಮ ಕಡೆ ಕಡಿಮೆ. ಮನೆಹಲ್ಲಿ ಮೊಟ್ಟೆ ಇಟ್ಟು ತನ್ನ ಪಾಡಿಗೆ ಹೋಗುತ್ತದೆ, ಕೋಳಿಯ ಹಾಗೆ ಕಾವಿಗೆ ಕೂರುವುದಿಲ್ಲ. ಸುತ್ತಲಿನ ಬಿಸಿಯೇ ಕಾವು. ಇದೇ ಬಳಗದ ಇನ್ನೊಂದು ಹಲ್ಲಿಯಲ್ಲಿ ಆ ಬಿಸಿ ಇನ್ನೂ ದೊಡ್ಡ ಕೆಲಸ ಮಾಡುತ್ತದೆ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದೂ ಅದೇ.

ಆ ಹಲ್ಲಿಯ ಹೆಸರು ಲೆಪರ್ಡ್ ಗೆಕ್ಕೊ. ಮೈತುಂಬ ಚಿರತೆಯಂಥ ಚುಕ್ಕೆ. ರೆಪ್ಪೆ ಮಿಟುಕಿಸುತ್ತದೆ, ಆದರೆ ಗೋಡೆ ಹತ್ತಲು ಬಾರದು. ಪಾಕಿಸ್ತಾನ, ಅಫ್ಘಾನಿಸ್ತಾನ ಮತ್ತು ವಾಯವ್ಯ ಭಾರತದ ಒಣ ನೆಲ ಅದರ ತವರು. 1854ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್.

ಬಿಸಿಗೂ ಲಿಂಗಕ್ಕೂ ನಂಟಿದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಆಫ್ರಿಕಾದಲ್ಲಿ. 1966ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಮೆಡಲೀನ್ ಶಾರ್ನಿಯೆ ಎಂಬ ವಿಜ್ಞಾನಿ, ನಮ್ಮ ಓತಿಕ್ಯಾತದ ಬಂಧುವಾದ ಅಗಾಮದ ಮೊಟ್ಟೆಗಳಿಗೆ ಕಾವು ಕೊಟ್ಟು ನೋಡಿದರು. ಬಿಸಿ ಬದಲಾದಂತೆ ಗಂಡು–ಹೆಣ್ಣಿನ ಲೆಕ್ಕವೂ ಬದಲಾಯಿತು. ಅವರ ಪುಟ್ಟ ವರದಿಯನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ.

ಲೆಪರ್ಡ್ ಗೆಕ್ಕೊ ಸಾಕಿದವರು ಕಲಿತ ಮೊದಲ ಪಾಠ ಬೇರೆ. ಕೋಳಿ ತನ್ನ ಮೊಟ್ಟೆಯನ್ನು ದಿನವೂ ಹೊರಳಿಸುತ್ತದೆ, ಈ ಮೊಟ್ಟೆಯನ್ನು ಮಾತ್ರ ಹೊರಳಿಸಬಾರದು. ಭ್ರೂಣ ಒಳಗೆ ಅಂಟಿಕೊಂಡ ಮೇಲೆ ಮಗುಚಿದರೆ ಸಾಯಬಹುದು. ಅದಕ್ಕೇ ಮೊಟ್ಟೆಯ ತಲೆಯ ಮೇಲೆ ಪೆನ್ಸಿಲ್ ಗುರುತು ಹಾಕುತ್ತಾರೆ. ಮನೆಹಲ್ಲಿಯ ಮೊಟ್ಟೆಯಂತೆ ಗಟ್ಟಿ ಚಿಪ್ಪು ಇದಕ್ಕಿಲ್ಲ, ಮೆತ್ತನೆಯ ಪೊರೆ ಅಷ್ಟೇ. ನರ್ಸರಿ ಟ್ರೇಗೆ ತುಂಬುವ ವರ್ಮಿಕ್ಯುಲೈಟನ್ನು ತುಸು ಒದ್ದೆ ಮಾಡಿ ಅದರಲ್ಲಿ ಇಟ್ಟರೆ ನೀರು ಹೀರಿ ಉಬ್ಬುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ. ಬಿಸಿ ಹೆಚ್ಚಿದ್ದರೆ ಬೇಗ, ಕಡಿಮೆಯಿದ್ದರೆ ತಡವಾಗಿ ಮರಿ ಹೊರಬರುತ್ತದೆ.

ಇಂಥದೇ ಕಾವಿನ ವ್ಯವಸ್ಥೆಯನ್ನು ಅಮೆರಿಕದ ಡೇವಿಡ್ ಕ್ರ್ಯೂಸ್ ಮತ್ತು ಸಂಗಡಿಗರು ಪ್ರಯೋಗಕ್ಕೆ ಬಳಸಿದರು. 1993ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮರಿಗಳೆಲ್ಲ ಹೆಣ್ಣು, 32.5 ಡಿಗ್ರಿಯಲ್ಲಿ ಬಹುಪಾಲು ಗಂಡು, 34 ದಾಟಿದರೆ ಮತ್ತೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಹೆಚ್ಚು ಬಿಸಿಯಲ್ಲಿ ಹುಟ್ಟಿದ ಹೆಣ್ಣುಗಳು ಗಂಡಿನಂತೆ ಜಗಳಕ್ಕೆ ನಿಲ್ಲುತ್ತವೆ ಎಂದು 1988ರಲ್ಲೇ ಕ್ರ್ಯೂಸ್ ಮತ್ತು ಗಟ್ಸ್ಕೆ ತೋರಿಸಿದ್ದರು.

ಈ ಅರಿವನ್ನು ಮಾರುಕಟ್ಟೆ ಬಿಡಲಿಲ್ಲ. ಎರಡು ಗಂಡು ಒಂದೇ ಡಬ್ಬಿಯಲ್ಲಿದ್ದರೆ ಕಚ್ಚಾಡುತ್ತವೆ, ಹಲವು ಹೆಣ್ಣಿಗೆ ಒಂದು ಗಂಡು ಸಾಕು. ಹಾಗಾಗಿ ಮರಿ ಮಾಡಿಸಿ ಮಾರುವವರು ಥರ್ಮೋಸ್ಟಾಟ್ ತಿರುಗಿಸಿ ಬೇಕಾದ ಲಿಂಗವನ್ನು ಪಡೆಯತೊಡಗಿದರು.

ನಮಗೆ ಮುಖ್ಯ ಅನಿಸುವ ಮಾತು ಮುಂದಿದೆ. ಕಡಲಾಮೆಯ ಮೊಟ್ಟೆಗೂ ಲಿಂಗ ಕೊಡುವುದು ಬಿಸಿಯೇ: ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು. ಆಮೆ ಉಳಿಸಲು ಹೊರಟವರು ಹಲವೆಡೆ ಮೊಟ್ಟೆಗಳನ್ನು ಥರ್ಮಾಕೋಲ್ ಡಬ್ಬಿಗಳಲ್ಲಿಟ್ಟು ಮರಿ ಮಾಡಿಸುತ್ತಿದ್ದರು. ಡಬ್ಬಿ ದಡದ ಮರಳಿಗಿಂತ ತಂಪಾದರೆ ಗಂಡೇ ಹೆಚ್ಚಾಗುತ್ತದೆ ಎಂದು 1980ರಲ್ಲಿ ಮ್ರೊಸೊವ್‌ಸ್ಕಿ ಮತ್ತು ಯಂಟೆಮಾ ಎಚ್ಚರಿಸಿದರು. ಪ್ರೀತಿಯಿಂದ ಮಾಡಿದ ಕೆಲಸವೇ ಒಂದು ಪೀಳಿಗೆಯ ಲೆಕ್ಕ ತಪ್ಪಿಸಬಹುದಿತ್ತು. ಈಗಿನ ಆತಂಕ ತಿರುವುಮುರುವು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬಿಸಿ ದಡಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇ. 99ರಷ್ಟು ಹೆಣ್ಣು ಎಂದು 2018ರ ಅಧ್ಯಯನ ಹೇಳಿತು.

ನಮ್ಮ ಹೊನ್ನಾವರದ ಕಾಸರಕೋಡ ದಡಕ್ಕೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಇಂಥ ಕಡೆ ಮರಿಗಳನ್ನು ಕಡಲಿಗೆ ಬಿಟ್ಟ ದಿನ ಫೋಟೊ ಚೆನ್ನಾಗಿ ಬರುತ್ತದೆ, ಎಷ್ಟು ಮರಿ ಎಂಬ ಸಂಖ್ಯೆಯೂ ಅಚ್ಚಾಗುತ್ತದೆ. ವರದಿಗಾರರಾದ ನಾವು ಅಲ್ಲಿಗೇ ನಿಲ್ಲಬಾರದು. ಗೂಡಿನ ಮರಳು ಎಷ್ಟು ಡಿಗ್ರಿ ಇತ್ತು, ನೆರಳಿತ್ತೇ, ಅದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಈ ಪ್ರಶ್ನೆ ಕೇಳದಿದ್ದರೆ ನಮ್ಮ ಸುದ್ದಿ ಅರ್ಧವೇ.